ಫಲಕ ಇದೆಯಲ್ಲ, ಇನ್ನೇನು ಬೇಕು?

ಇವರಿಗೆ,
ಆಸ್ಪತ್ರೆಗಳಿಗೆ ಎಚ್ಚರಿಕೆ ಫಲಕ ಮಂಜೂರು ಮಾಡುವ ಮಾನ್ಯರು.

ವಿಷಯ: ಕರ್ತವ್ಯದಲ್ಲಿರುವ ವೈದ್ಯರು, ನರ್ಸುಗಳು ಮತ್ತಿತರ ಸಿಬ್ಬಂದಿಗೆ ಏಟು ಬೀಳದಂತೆ ನೋಡಿಕೊಳ್ಳುವ ಬಗ್ಗೆ.

ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಗೆ ರಾಜ್ಯದಲ್ಲಿ ಹೆಚ್ಚು ಬಳಕೆಯಲ್ಲಿರುವ ಸಾಧನ ಫಲಕ. ವೈದ್ಯರ ಮೇಲೆ ಕೈ ಮಾಡುವುದು ಶಿಕ್ಷಾರ್ಹ ಅಪರಾಧವೆಂದು ಅದು ಕ್ಯಾಶುಯಾಲ್ಟಿಯ ಬಾಗಿಲ ಪಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಸಾರುತ್ತದೆ. ಅದರ ಬೆನ್ನಿಗಿರುವುದು 2009ರ ಕರ್ನಾಟಕ ಕಾಯ್ದೆ. ಅಪರಾಧ ಜಾಮೀನುರಹಿತ, ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿವರೆಗೆ ದಂಡ ಎಂದು ಆಗ ಗೊತ್ತುಮಾಡಲಾಯಿತು. ಒಡೆದ ಉಪಕರಣಕ್ಕೆ ಬೆಲೆಯ ಎರಡರಷ್ಟು ಪರಿಹಾರವೂ ಉಂಟು. ಒಡೆದ ತಲೆಗೆ ಮಾತ್ರ ದರ ನಮೂದಾಗಲಿಲ್ಲ. ತಲೆಗೆ ಖರೀದಿ ಬಿಲ್ಲು ಇರುವುದಿಲ್ಲ, ಅದಕ್ಕಿದ್ದೀತು.

ಕಾನೂನು ಹಲ್ಲೆಗಳ ಹಿಂದೆ ಹಿಂದೆಯೇ ನಡೆದುಬಂದಿದೆ. 2020ರ ಏಪ್ರಿಲ್‌ನಲ್ಲಿ ಕೊರೊನಾ ಮಾಹಿತಿ ಕೇಳಲು ಹೋದ ಆಶಾ ಕಾರ್ಯಕರ್ತೆಯ ಮೇಲೆ ಬೆಂಗಳೂರಿನಲ್ಲೇ ಹಲ್ಲೆಯಾಯಿತು. ಬೇರೆ ಊರುಗಳಿಂದಲೂ ಇಂಥದೇ ಸುದ್ದಿ ಬಂದು, ಅದೇ ತಿಂಗಳ 22ರಂದು ಕೇಂದ್ರ ಸುಗ್ರೀವಾಜ್ಞೆ ತಂದಿತು: ತೀವ್ರ ಗಾಯವಾದರೆ ಏಳು ವರ್ಷದವರೆಗೆ ಸೆರೆ, 30 ದಿನದೊಳಗೆ ತನಿಖೆ. ಇದು ಸಾಂಕ್ರಾಮಿಕ ರೋಗವಿದ್ದಾಗ ಮಾತ್ರ. ರೋಗ ಹೋದ ಮೇಲೆ ಬೀಳುವ ಏಟು ಬೇರೆ ಖಾತೆಗೆ. 2023ರ ಮೇ ತಿಂಗಳಲ್ಲಿ ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರೇ ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿ ಯುವ ವೈದ್ಯೆಯೊಬ್ಬರನ್ನು ಕತ್ತರಿಯಿಂದ ಇರಿದು ಕೊಂದ. ಕೇರಳವೂ ಗರಿಷ್ಠ ಶಿಕ್ಷೆಯನ್ನು ಏಳು ವರ್ಷಕ್ಕೆ ಏರಿಸಿತು. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಸ್ನಾತಕೋತ್ತರ (ಪಿ.ಜಿ.) ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಆದೇಶ ಹೊರಡಿಸಿತು: ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ದಾಖಲಿಸಬೇಕು.

ಹಲ್ಲೆಗೆ ಮೊದಲಿನ ಆರು ಗಂಟೆಯ ವಿಚಾರ ಆ ಆದೇಶದಲ್ಲಿಲ್ಲ. ಕೊಟ್ಟಾರಕ್ಕರ, ಕೋಲ್ಕತ್ತಗಳಲ್ಲಿ ಬೇಕಿದ್ದದ್ದು ಕಾವಲು ಮತ್ತು ಚಿಲಕ ಬೀಳುವ ವಿಶ್ರಾಂತಿ ಕೊಠಡಿ. ದಿನನಿತ್ಯದ ಜಗಳ ಹುಟ್ಟುವ ಜಾಗ ಬೇರೆ. ಅದು ಕಾಯುವ ಬೆಂಚು. ತಾಲ್ಲೂಕು ಆಸ್ಪತ್ರೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಎನ್ನುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಬೆಡ್ ಇಲ್ಲ. ಬೆಡ್ ಸಿಕ್ಕರೆ ವೆಂಟಿಲೇಟರ್ ಖಾಲಿಯಿಲ್ಲ. ಔಷಧಿ ಚೀಟಿ ಹಿಡಿದು ಒಬ್ಬರು ಹೊರಗೆ ಓಡಿದರೆ, ರಕ್ತಕ್ಕೆ ಇನ್ನೊಬ್ಬರು ಓಡುತ್ತಾರೆ. ಉಳಿದವರು ಬಾಗಿಲ ಬಳಿ ನಿಂತು ‘ಹೇಗಿದ್ದಾರೆ?’ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾರೆ. ‘ಡಾಕ್ಟ್ರು ಬರ್ತಾರೆ, ಕೂತ್ಕೊಳ್ಳಿ’ ಎಂಬುದು ಸಿಗುವ ಒಂದೇ ಉತ್ತರ. ಓದಲು ಎದುರಿಗೆ ಫಲಕ ಇದೆ. ಹೊಡೆದರೆ ಏನಾಗುತ್ತದೆಂದು ಅದು ವಿವರವಾಗಿ ಹೇಳುತ್ತದೆ. ಒಳಗೆ ಮಲಗಿರುವವರಿಗೆ ಏನಾಗುತ್ತಿದೆಯೆಂದು ಹೇಳುವ ನರಪಿಳ್ಳೆಯೂ ಇಲ್ಲ.

ಕಡೆಗೆ ಬಾಗಿಲು ತೆರೆದು ಬರುವವರು ಹಿಂದಿನ ಬೆಳಗಿನಿಂದ ನಿದ್ದೆ ಕಾಣದ ಒಬ್ಬ ಪಿ.ಜಿ. ಸಾವಿನ ಸುದ್ದಿ ಹೇಳಲು ಅವರಿಗೆ ಇರುವುದು ಅರ್ಧ ನಿಮಿಷ, ಒಳಗೆ ಇನ್ನೊಂದು ಕೇಸ್ ಕಾದಿದೆ. ಬೆಂಚಿನ ಸುತ್ತ ಅಷ್ಟರಲ್ಲಿ ಊರಿನ ಪುಢಾರಿಯೂ ಮೊಬೈಲ್ ಹಿಡಿದವರೂ ಸೇರಿರುತ್ತಾರೆ. ಕೈ ಎತ್ತಿದವನಿಗೆ ಇದರಿಂದ ಮಾಫಿಯಿಲ್ಲ. ಆದರೆ ಬೆಡ್ ಎಷ್ಟಿರಬೇಕು, ಹುದ್ದೆ ಎಷ್ಟು ತುಂಬಬೇಕು ಎಂದು ನಿರ್ಧರಿಸಿದವರಾರೂ ನಡುರಾತ್ರಿಯಲ್ಲಿ ಆ ಬಾಗಿಲಲ್ಲಿ ನಿಂತಿರುವುದಿಲ್ಲ. ಅವರು ಮಾಡಿಟ್ಟ ಸಾಲವನ್ನು ಒಬ್ಬ ಹುಡುಗ ಕೆನ್ನೆಯಲ್ಲಿ ತೀರಿಸುತ್ತಾನೆ. ನರ್ಸುಗಳು, ಗ್ರೂಪ್ ಡಿ ನೌಕರರು, ಹೊರಗುತ್ತಿಗೆಯ ಸೆಕ್ಯುರಿಟಿಯವರು ತಿನ್ನುವ ಏಟು ಪತ್ರಿಕೆಯಲ್ಲಿ ಒಳಪುಟಕ್ಕೂ ಬರುವುದಿಲ್ಲ. ಮಾನ್ಯರ ಕೊಠಡಿಗಳ ಹೊರಗೆ ಈ ಫಲಕ ಇಲ್ಲ, ಬೇಕಾಗಿಯೂ ಇಲ್ಲ.

ಹಲ್ಲೆಯ ಮರುದಿನ ಓಪಿಡಿ ಬಂದ್, ಧರಣಿ, ಭರವಸೆ. ಆಮೇಲೆ ಠಾಣೆಯಲ್ಲಿ ‘ಹೋಗ್ಲಿ ಬಿಡಿ ಡಾಕ್ಟ್ರೇ, ದುಃಖದಲ್ಲಿದ್ರು’ ಎಂಬ ರಾಜಿ ಮಾತು. ಪ್ರಕರಣ ಕೋರ್ಟಿಗೆ ಬರುವ ಹೊತ್ತಿಗೆ ಪಿ.ಜಿ. ಕೋರ್ಸು ಮುಗಿದು, ಸಾಕ್ಷಿ ಹೇಳಬೇಕಾದವರು ಬೇರೆ ಊರಲ್ಲಿರುತ್ತಾರೆ. ಆಸ್ಪತ್ರೆಯಲ್ಲಿ ಏನು ಉಳಿಯಿತೆಂದರೆ, ಫಲಕ ಇದೆ.

ತಡೆಯುವ ವಿಧಾನಗಳು ಗುಟ್ಟಿನವೇನಲ್ಲ. ರೋಗಿಗೊಬ್ಬರಂತೆ ಪಾಸ್, ಸಿಬ್ಬಂದಿ ಹೊರಬೀಳಲು ಇನ್ನೊಂದು ಬಾಗಿಲು, ಠಾಣೆಗೆ ಕೇಳುವ ಗಂಟೆ, ಖಾಲಿ ಬೆಡ್‌ಗಳ ಲೆಕ್ಕ ಎಲ್ಲರಿಗೂ ಕಾಣುವಂತೆ. ಎಲ್ಲಕ್ಕಿಂತ ಮೊದಲು, ಗಂಟೆಗೊಮ್ಮೆ ಹೊರಬಂದು ಮನೆಯವರ ಜೊತೆ ಕೂತು ಮಾತಾಡಲು ರಾತ್ರಿ ಪಾಳಿಗೂ ಒಬ್ಬರು. ಕೆಟ್ಟ ಸುದ್ದಿ ಹೇಳುವಾಗ ಹಿರಿಯ ವೈದ್ಯರೂ ಪಕ್ಕದಲ್ಲಿರಬೇಕು. ಕಾಯುವವರೊಡನೆ ಮಾತಾಡುವ ಕೆಲಸಕ್ಕೆ ಎಂಬಿಬಿಎಸ್ ಓದಿರಬೇಕಿಲ್ಲ, ಹುದ್ದೆ ಮಂಜೂರಾಗಿರಬೇಕು. ಅದು ಕಷ್ಟವಾದರೆ ಮಾನ್ಯರು ಫಲಕದ ಅಕ್ಷರಗಳನ್ನಾದರೂ ಇನ್ನಷ್ಟು ದಪ್ಪ ಮಾಡಿಸಬಹುದು.

ಪ್ರತಿ: ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರಿಗೆ, ಮಾಹಿತಿಗಾಗಿ, ಓದಲು ಬಿಡುವಾದರೆ.