ಭವಾನಿಪುರದ ಭಾವನ ಬೆರಳು

ವಿಜಯವಾಡದ ಭವಾನಿಪುರಂ ಅಂಕಿಗಳ ಊರು. ಮಳೆಗಾಲದಲ್ಲಿ ಪ್ರಕಾಶಂ ಬ್ಯಾರೇಜಿಗೆ ಎಷ್ಟು ಕ್ಯುಸೆಕ್ ಬಂತು, ಬೇಸಿಗೆಯಲ್ಲಿ ನಿನ್ನೆ ಎಷ್ಟು ಡಿಗ್ರಿ ಏರಿತು ಎನ್ನುವುದೇ ಅಲ್ಲಿ ಬೆಳಗಿನ ಸುಪ್ರಭಾತ. ವಿಜಯವಾಡ ಯಾನೆ ಬೆಜವಾಡಕ್ಕೆ ಬ್ಲೇಜ್‌ವಾಡ ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. 2024ರ ಸೆಪ್ಟೆಂಬರಿನಲ್ಲಿ ಕೃಷ್ಣೆ 11 ಲಕ್ಷ ಕ್ಯುಸೆಕ್ ದಾಟಿ ಹರಿದಾಗಲಂತೂ ಹಾಲು ಹಾಕುವವನೂ ನೀರಾವರಿ ಎಂಜಿನಿಯರ್ ಆಗಿದ್ದ. ಇಂಥ ಊರಿನಲ್ಲಿ ನನ್ನ ಭಾವನಿಗೆ ಸ್ಲೀಪ್ ಆಪ್ನಿಯಾ ಇದೆ ಎಂದು ಗೊತ್ತಾದರೆ ಏನಾಗಬೇಕೋ ಅದೇ ಆಯಿತು. ಮಹಡಿ ಮನೆಯವರು ಪೇಪರ್ ಎತ್ತಿಕೊಳ್ಳುವ ಮೊದಲೇ ತೆಲುಗಿನಲ್ಲಿ ಎಷ್ಟು ಬಂತು ಎಂದು ಕೇಳುತ್ತಿದ್ದರು: "ಎಂತ ವಚ್ಚಿಂದಂಡಿ?" ಭಾವ ಗೇಟಿನಿಂದಲೇ ಸಾರುತ್ತಿದ್ದರು: "ಸ್ಯಾಚುರೇಷನ್ 95, ಪಲ್ಸ್ 62!"

ಭಾವ ಬಳ್ಳಾರಿ ಕಡೆಯವರು. ರೈಲ್ವೆ ಕೆಲಸಕ್ಕೆ ಬಂದು, ರಿಟೈರಾಗಿ, ಗೊಂಗೂರದ ರುಚಿಗೆ ಬಿದ್ದು ಅಲ್ಲೇ ಉಳಿದವರು. ಅವರ ಗೊರಕೆಯನ್ನು ನಾವು ಮದುವೆಮನೆಯಿಂದಲೇ ಬಲ್ಲೆವು. ಕುಂಭಕರ್ಣನಾದರೂ ಆರು ತಿಂಗಳು ಮಲಗಿ ಒಂದು ದಿನವಾದರೂ ಎದ್ದಿರುತ್ತಿದ್ದ. ಇವರದು ರಜೆಯಿಲ್ಲದ ಸೇವೆ. ಗೊರಕೆ ನಡುವೆ ಫಕ್ಕನೆ ನಿಂತು, ಮನೆಯೆಲ್ಲ ಉಸಿರು ಬಿಗಿಹಿಡಿದು ಕಾಯುವಷ್ಟು ಹೊತ್ತು ಸದ್ದಿಲ್ಲದೆ, ಆಮೇಲೆ ಬುಸ್ಸೆಂದು ಮತ್ತೆ ಶುರುವಾಗುತ್ತಿತ್ತು. ಆ ಸದ್ದಿಲ್ಲದ ಹೊತ್ತೇ ಕಾಯಿಲೆ. ಮಲಗಿದಾಗ ಗಂಟಲಿನ ಸ್ನಾಯು ಸಡಿಲಾಗಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಉಸಿರು ಹತ್ತು ಸೆಕೆಂಡಾದರೂ ನಿಂತರೆ ಅದೊಂದು ಆಪ್ನಿಯಾ. ಪೂರ್ತಿ ನಿಲ್ಲದೆ ಕುಗ್ಗಿದ್ದನ್ನೂ ಸೇರಿಸಿ ಗಂಟೆಗೆ ಎಷ್ಟು ಬಾರಿ ಎಂದು ಎಣಿಸಿದರೆ ಸಿಗುವುದು ಎ.ಎಚ್.ಐ. ಐದರೊಳಗಿದ್ದರೆ ಪರವಾಗಿಲ್ಲ, ಮೂವತ್ತು ದಾಟಿದರೆ ತೀವ್ರ. ಭಾವನದು ಮೂವತ್ತು ದಾಟಿತ್ತು. ಅದನ್ನವರು ಫಸ್ಟ್ ಕ್ಲಾಸಿನಲ್ಲಿ ಪಾಸಾದವರ ಹಾಗೆ ಎಲ್ಲರಿಗೂ ಫೋನ್ ಮಾಡಿ ಹೇಳಿದರು. 2022ರಲ್ಲಿ ತೀರಿಹೋದ ಬಪ್ಪಿ ಲಹರಿಯವರಿಗೂ ಇದೇ ಇತ್ತಂತೆ ಎಂದು ಯಾರೋ ಹೇಳಿದ ಮೇಲಷ್ಟೇ ದನಿ ಸ್ವಲ್ಪ ತಗ್ಗಿತು.

ಸಿಪ್ಯಾಪ್ ಯಂತ್ರ ಮನೆಗೆ ಬಂದ ದಿನ, ಆಕ್ಸಿಜನ್ ಇಡುವ ಸ್ಥಿತಿ ಬಂತಲ್ಲ ಎಂದು ಬೀದಿಯ ಹೆಂಗಸರು ಅಕ್ಕನನ್ನು ಸಮಾಧಾನ ಮಾಡಲು ಬಂದರು. ಅದರಲ್ಲಿ ಆಕ್ಸಿಜನ್ ಏನೂ ಇರುವುದಿಲ್ಲ. ಕೋಣೆಯ ಗಾಳಿಯನ್ನೇ ಮಾಸ್ಕಿನ ಮೂಲಕ ಒತ್ತಡದಿಂದ ಮೂಗಿಗೆ ಊದಿ ಗಂಟಲು ಮುಚ್ಚದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಆಸ್ಟ್ರೇಲಿಯದ ಡಾಕ್ಟರ್ ಕಾಲಿನ್ ಸಲಿವನ್ 1980ರಲ್ಲಿ ಸಿಡ್ನಿಯಲ್ಲಿ ಇಂಥದ್ದನ್ನು ಮೊದಲು ಕಟ್ಟಿದಾಗ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸಿದ್ದರು. ಇದನ್ನು ನಾನು ಅಕ್ಕನಿಗೆ ಹೇಳಬಾರದಿತ್ತು. "ಹಗಲು ಹೊತ್ತು ಸುಮ್ಮನೆ ಬಿದ್ದಿರುತ್ತಲ್ಲ, ಮನೆ ಗುಡಿಸೋಕೆ ಬರುತ್ತೇನೋ?" ಎಂದಳು.

ಯಂತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ರಗಳೆ ಶುರುವಾದದ್ದು ಅವರ ಮಗ ಬೆಂಗಳೂರಿನಿಂದ ರಾತ್ರಿಯಿಡೀ ದಾಖಲಿಸುವ ಆಕ್ಸಿಮೀಟರ್ ಕಳಿಸಿದ ಮೇಲೆ. ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ತಲೆಯಲ್ಲಿ 94 ಎಂಬ ಗೆರೆ ಕೊರೆದು ಕೂತಿದೆ. ಅದರ ಕೆಳಗಿಳಿದರೆ ಆಸ್ಪತ್ರೆ. ಆ ಗೆರೆ ಎಚ್ಚರವಾಗಿ ಕೂತವರದ್ದು. ನಿದ್ದೆಯಲ್ಲಿ ಆರೋಗ್ಯವಂತರಿಗೂ ಆಕ್ಸಿಜನ್ ಒಂದೆರಡು ಅಂಕ ಇಳಿಯುತ್ತದೆ. ಮೇಲಾಗಿ ಒಳ್ಳೆಯ ಆಕ್ಸಿಮೀಟರೂ ಎರಡು ಮೂರು ಅಂಕ ಆಚೀಚೆ ಹೇಳುವುದುಂಟು. ಭಾವ ಕೇಳಬೇಕಲ್ಲ! "ರಾತ್ರಿ ಮೂರೂವರೆಗೆ 88 ಆಗಿದೆ ಕಣೋ, ಆಂಬುಲೆನ್ಸ್ ನಂಬರ್ ಎಲ್ಲಿದೆ?" ಎಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಾ ಫೋನ್ ಮಾಡಿದರು.

"ಎಷ್ಟು ಹೊತ್ತು 88 ಇತ್ತು ಭಾವ?"

"ಎಂಟು ಸೆಕೆಂಡು."

"ಆ ಕೈ ಮೇಲೆ ಮಲಗಿದ್ರಾ?"

ಆ ಕಡೆ ಇಡ್ಲಿ ಅಗಿಯುವ ಸದ್ದು ನಿಂತಿತು.

ಕೈ ಅಡಿಯಲ್ಲಿ ಸಿಕ್ಕರೆ, ಬೆರಳು ಅಲುಗಾಡಿದರೆ, ಏಸಿಯ ಚಳಿಗೆ ತಣ್ಣಗಾದರೆ, ಉಗುರಿಗೆ ಬಣ್ಣವಿದ್ದರೆ ಆಕ್ಸಿಮೀಟರಿನ ಕ್ಲಿಪ್ಪು ಬಾಯಿಗೆ ಬಂದದ್ದು ಹೇಳುತ್ತದೆ. ಅದು ಅಳೆಯುವುದು ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೆರಳನ್ನು ದಾಟಿ ಎಷ್ಟೆಷ್ಟು ಬಂತು ಎಂಬುದನ್ನು. ಎಪ್ಪತ್ತರ ದಶಕದ ಮೊದಲಿಗೆ ಜಪಾನಿನ ಟಕುಓ ಅಓಯಾಗಿ ಹೃದಯ ಎಷ್ಟು ರಕ್ತ ಪಂಪು ಮಾಡುತ್ತದೆಂದು ಅಳೆಯಹೊರಟಿದ್ದರು. ನಾಡಿಯ ಮಿಡಿತ ನಡುವೆ ಬಂದು ಲೆಕ್ಕ ಕೆಡಿಸುತ್ತಿತ್ತು. ಆ ಕಾಟವನ್ನೇ ಹಿಡಿದು ಅವರು ಆಕ್ಸಿಜನ್ ಅಳೆಯುವ ದಾರಿ ಕಂಡುಕೊಂಡರು. ಅದಕ್ಕೇ ಈ ಕ್ಲಿಪ್ಪು ಆಕ್ಸಿಜನ್ ಜೊತೆ ನಾಡಿಯನ್ನೂ ಪುಕ್ಕಟೆ ಕೊಡುತ್ತದೆ. ನಾಡಿ ಸರಿಯಾಗಿ ಸಿಗದ ಹೊತ್ತಿನ ಆಕ್ಸಿಜನ್ ಅಂಕಿಯನ್ನು ನಂಬುವ ಹಾಗಿಲ್ಲ.

ನೋಡಬೇಕಾದ್ದು ತಳ ಮುಟ್ಟಿದ ಒಂದು ಅಂಕಿಯನ್ನಲ್ಲ, ಇಡೀ ರಾತ್ರಿಯ ಗೆರೆಯನ್ನು. ಚಿಕಿತ್ಸೆಗೆ ಮೊದಲು, ನಿದ್ದೆ ಪರೀಕ್ಷೆಯ ರಾತ್ರಿ, ಭಾವನ ಗೆರೆ ಗರಗಸದ ಹಲ್ಲಿನಂತಿತ್ತು: ಉಸಿರು ನಿಂತಾಗ ಆಕ್ಸಿಜನ್ ಇಳಿ, ಮೆದುಳು ಅರೆ ಎಚ್ಚರವಾಗಿ ಗಂಟಲು ತೆರೆದಾಗ ಏರು, ಮತ್ತೆ ಇಳಿ. ಕೆಳಗಿನ ನಾಡಿಯ ಗೆರೆಯೂ ತಾಳ ಹಾಕುತ್ತಿತ್ತು. ಉಸಿರು ಕಟ್ಟಿದಾಗ ನಿಧಾನ, ಬಿಟ್ಟ ಕೂಡಲೇ ದಡಬಡ. ಮಾಸ್ಕ್ ಹಾಕಿದ ಮೇಲೆ ಎರಡೂ ಗೆರೆ ಮಟ್ಟಸವಾದವು. ಅಲ್ಲೊಂದು ಇಲ್ಲೊಂದು ಹಲ್ಲು ಉಳಿದರೆ ಪ್ರಾಣವೇನೂ ಹೋಗುವುದಿಲ್ಲ. ಬೆಳಗಿನ ಜಾವ ಮಾತ್ರ ಹಲ್ಲು ಗುಂಪಾಗಿ ಕಂಡರೆ, ಆ ಹೊತ್ತಿಗೆ ಕನಸಿನ ನಿದ್ದೆ ಹೆಚ್ಚು, ಗಂಟಲೂ ಹೆಚ್ಚು ಸಡಿಲ ಎಂದರ್ಥ. ಇಲ್ಲವೇ ಅಂಗಾತ ಮಲಗಿದ್ದಾರೆ, ಇಲ್ಲವೇ ಮಾಸ್ಕ್ ಸೋರುತ್ತಿದೆ. ಹಲ್ಲೇ ಇಲ್ಲದೆ ಆಕ್ಸಿಜನ್ ಗಂಟೆಗಟ್ಟಲೆ 90ರ ಕೆಳಗೇ ಮಲಗಿದ್ದರೆ ಮಾತ್ರ ಹರಟೆ ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು. ಅದು ಶ್ವಾಸಕೋಶದ್ದೋ ಉಸಿರಾಟ ಸಾಲದ್ದೋ, ಬೇರೆಯದೇ ಕಥೆ ಇರಬಹುದು.

ಭಾವನಿಗೆ ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಾಗಬೇಕಿತ್ತು. ಬದಲಿಗೆ ಸಂಶೋಧನೆಗಿಳಿದರು. ಸಿಪ್ಯಾಪಿನ ಚಾರ್ಟು, ಆಕ್ಸಿಮೀಟರಿನ ಚಾರ್ಟು ಎರಡನ್ನೂ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹಾಸಿ, "ನೋಡು, ಉಸಿರು ನಿಂತದ್ದು 2 ಗಂಟೆ 14ಕ್ಕೆ, ಆಕ್ಸಿಜನ್ ಇಳಿದದ್ದು 2 ಗಂಟೆ 10ಕ್ಕೆ. ನನಗೆ ಮೊದಲೇ ಸುಳಿವು ಸಿಗುತ್ತೆ!" ಎಂದರು. ನಿಜಕ್ಕೂ ನಡೆಯುವುದು ತಿರುಗುಮುರುಗು. ಉಸಿರು ನಿಂತ ಸುದ್ದಿ ರಕ್ತದ ಜೊತೆ ಬೆರಳ ತುದಿ ತಲುಪಲು ಅರ್ಧ ನಿಮಿಷದಷ್ಟು ಹಿಡಿಯುತ್ತದೆ. ಹಾಗಾಗಿ ಇಳಿತ ತುಸು ತಡವಾಗಿಯೇ ಕಾಣಬೇಕು. ರೈಲ್ವೆಯಲ್ಲಿ ಗಡಿಯಾರ ನೋಡಿಕೊಂಡೇ ಸಂಬಳ ತಿಂದವರು ಎರಡು ಯಂತ್ರಗಳ ಗಡಿಯಾರ ಹೊಂದಿಸುವುದನ್ನೇ ಮರೆತಿದ್ದರು! ಹೊಂದಿಸಿದ ಮೇಲೆ ಅತೀಂದ್ರಿಯ ಶಕ್ತಿ ಮಾಯವಾಯಿತು. ಆದರೂ ಯಂತ್ರದ ಒತ್ತಡವನ್ನು ತಾವೇ ಒಂಚೂರು ಏರಿಸಿ ನೋಡುವ ಆಸೆ ಉಳಿದಿತ್ತು. ಅದಕ್ಕೆ ಡಾಕ್ಟರು ಕೈಮುಗಿದು ಬೇಡವೆಂದರು.

ನಾಡಿಯದು ಇನ್ನೊಂದು ಪುರಾಣ. ಅದೊಂದು ಹೆಣ್ಣುಮಕ್ಕಳ ವಾಟ್ಸಾಪ್ ಗುಂಪು ಇದ್ದ ಹಾಗೆ, ಯಾವುದಕ್ಕೆ ಏರಿತು ಎಂದು ಹೇಳಲಾಗದು. ಬಚ್ಚಲಿಗೆ ಎದ್ದುಬಂದರೆ ಏರು, ಕಾಲು ಒದ್ದರೆ ಏರು, ಕನಸು ಬಿದ್ದರೆ ಏರು. ರಾತ್ರಿ ಹತ್ತಕ್ಕೆ ಬಿರಿಯಾನಿ ಹೊಡೆದು, ಮೇಲೆ ಎರಡು ಪೆಗ್ ಏರಿಸಿದರೆ ರಾತ್ರಿಯಿಡೀ ಏರು. ಬಿ.ಪಿ.ಗೆ ಬೀಟಾ ಬ್ಲಾಕರ್ ನುಂಗುವವರಲ್ಲಿ ಏರಬೇಕಾದ್ದೂ ಅಷ್ಟಾಗಿ ಏರುವುದಿಲ್ಲ. ಆಕ್ಸಿಜನ್ ಗೆರೆ ನೆಟ್ಟಗಿದ್ದು ನಾಡಿಯೊಂದೇ ಕುಣಿದರೆ ಅದನ್ನು ಆಪ್ನಿಯಾದ ತಲೆಗೆ ಕಟ್ಟುವಂತಿಲ್ಲ. ತಾಳ ತಪ್ಪಿದಂತೆ ಅಡ್ಡಾದಿಡ್ಡಿ ಬಡಿದರೆ ಈಸಿಜಿ ತೆಗೆಸಬೇಕು. ಬೆರಳಿನ ಕ್ಲಿಪ್ಪಿನ ಶಕ್ತಿ ಅಲ್ಲಿಗೆ ಮುಗಿಯಿತು.

ಈ ಅಂಕಿ ಹುಚ್ಚಿಗೂ ಹೆಸರಿಟ್ಟಿದ್ದಾರೆ. ನಿದ್ದೆಯ ಅಂಕಿ ನೋಡಿ ನೋಡಿಯೇ ನಿದ್ದೆ ಕೆಡಿಸಿಕೊಳ್ಳುವುದಕ್ಕೆ ಅಮೆರಿಕದ ಸಂಶೋಧಕರು 2017ರಲ್ಲಿ ಆರ್ಥೋಸೋಮ್ನಿಯಾ ಎಂದರು. ಭಾವ ನಡುರಾತ್ರಿ ಎದ್ದು ಮೊಬೈಲಿನಲ್ಲಿ ಸ್ಯಾಚುರೇಷನ್ ನೋಡಿ, ಗಾಬರಿಯಾಗಿ, ಗಾಬರಿಗೆ ಪಲ್ಸ್ ಏರಿ, ಏರಿದ್ದನ್ನು ಮತ್ತೆ ನೋಡುತ್ತಾ ಕೂರುತ್ತಿದ್ದರು. ಹಗಲು ತೂಕಡಿಕೆ ಹೋಗಿದೆಯಾ, ಬೆಳಗಿನ ತಲೆನೋವು ಹೋಗಿದೆಯಾ, ಮಾಸ್ಕ್ ಎಷ್ಟು ಗಂಟೆ ಮುಖದ ಮೇಲಿತ್ತು ಎಂದು ಡಾಕ್ಟರು ಕೇಳಿದರೆ ಇವರು ಪ್ರಿಂಟ್‌ಔಟ್ ಚಾಚುತ್ತಿದ್ದರು. ಕೊನೆಗೆ ಡಾಕ್ಟರು, ಆಕ್ಸಿಮೀಟರ್ ಇನ್ನು ತಿಂಗಳಿಗೊಂದು ರಾತ್ರಿ ಸಾಕು ಎಂದು ಚೀಟಿಯಲ್ಲೇ ಬರೆದುಕೊಟ್ಟರು.

ಮಿಕ್ಕ ದಿನ ಸುಮ್ಮನೆ ಬಿದ್ದಿದ್ದ ಅದನ್ನು ಒಂದು ರಾತ್ರಿ ಅಕ್ಕ ತಮಾಷೆಗೆ ತನ್ನ ಬೆರಳಿಗೆ ಸಿಕ್ಕಿಸಿಕೊಂಡು ಮಲಗಿದಳು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಆಪ್ನಿಯಾ ಹೆಚ್ಚುತ್ತದೆ. ಅವರಲ್ಲಿ ಅದು ಗೊರಕೆಗಿಂತ ಸುಸ್ತು, ನಿದ್ದೆಗೇಡು ಎಂದು ಕಾಣಿಸಿಕೊಳ್ಳುವುದರಿಂದ ಎಷ್ಟೋ ಸಲ ಯಾರ ಗಮನಕ್ಕೂ ಬರುವುದಿಲ್ಲ. ಬೆಳಿಗ್ಗೆ ಗೆರೆ ನೋಡಿದರೆ ಗರಗಸವೇ ಗರಗಸ. ಭಾವನ ಖುಷಿ ಕೇಳಬೇಕೆ! ಗೇಟಿಗೆ ಓಡಿಹೋಗಿ ಮಹಡಿ ಮನೆಯವರಿಗೆ ಸುದ್ದಿ ಮುಟ್ಟಿಸಿ ಬಂದರು.

"ಎರಡನೇ ಮಷಿನ್ನಿಗೆ ಡಿಸ್ಕೌಂಟ್ ಕೇಳ್ತೀನಿ," ಎಂದು ಅವರು ಆಗಲೇ ಫೋನ್ ಹಿಡಿದಿದ್ದರೆ, ಅಕ್ಕ ಒಲೆಯ ಮುಂದಿನಿಂದ ತಿರುಗದೆಯೇ ಹೇಳಿದಳು: "ನಿಮ್ಮ ಬೆರಳಿಗೆ ಹಾಕಿ ಹಾಕಿ ಅದು ಕೆಟ್ಟುಹೋಗಿದೆ."