ಚಂದಮಾಮನ ಹೆಣ್ಣುಪಾಲು

27 ಹೆಂಡಿರ ಗಂಡನೊಬ್ಬ ಸ್ತ್ರೀಶಕ್ತಿಯ ಮೂಲ ಎಂದರೆ ನಮ್ಮ ದೊಡ್ಡಮ್ಮ ಒಪ್ಪುವುದಾದರೂ ಹೇಗೆ? ‘ಚಂದ್ರ ಗಂಡಸಲ್ವೇನೇ?’ ಎಂಬುದು ಅವರ ಮೊದಲ ತಕರಾರು. ದಕ್ಷನ ಅಷ್ಟೂ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ರೋಹಿಣಿಯೊಬ್ಬಳ ಮನೆಯಲ್ಲೇ ಠಿಕಾಣಿ ಹೂಡಿ, ಕೊನೆಗೆ ಮಾವನಿಂದ ಕ್ಷಯದ ಶಾಪ ಪಡೆದವನು. ಅದೂ ಸಾಲದೆಂದು ಗುರು ಬೃಹಸ್ಪತಿಯ ಹೆಂಡತಿ ತಾರೆಯನ್ನು ಹಾರಿಸಿಕೊಂಡು ಹೋದವನು. ಇಂಥವನ ಬೆಳಕಿನಲ್ಲಿ ಮನೆಯ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಕೈಕಾಲು ಚಾಚುವುದು ಅವರಿಗೆ ಅಷ್ಟು ಕ್ಷೇಮ ಅನ್ನಿಸಲಿಲ್ಲ.

ನಮ್ಮ ಬೀದಿಯ ಹೆಂಗಸರು ಹುಣ್ಣಿಮೆಯ ಸಂಜೆ ಮೂಲೆಮನೆಯ ತಾರಸಿಯಲ್ಲಿ ಸೇರಿ ಚಂದ್ರ ನಮಸ್ಕಾರ ಮಾಡುವ ಪರಿಪಾಠ ಶುರುವಾಗಿ ಕೆಲಕಾಲವಾಯಿತು. ಹೇಳಿಕೊಡುವ ಹುಡುಗಿ ಚುರುಕು. ‘ನಿಮ್ಮೊಳಗಿನ ಸ್ತ್ರೀಶಕ್ತಿ ಜೊತೆ ಕನೆಕ್ಟ್ ಆಗಿ’ ಎಂದು ಅವಳು ಮೆಲುದನಿಯಲ್ಲಿ ಹೇಳುವ ಹೊತ್ತಿಗೆ ಸರಿಯಾಗಿ ಕೆಳಗೆ ಯಾರದೋ ಮನೆಯ ಕುಕ್ಕರ್ ಕೂಗುತ್ತದೆ. ನಾವೆಲ್ಲ ಕಣ್ಣು ಮುಚ್ಚಿಕೊಂಡೇ ಸೀಟಿ ಎಣಿಸುತ್ತೇವೆ. ದೊಡ್ಡಮ್ಮ ಚಾಪೆ ಹಾಸುವವರ ಪೈಕಿ ಅಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಅವರೆಕಾಯಿ ಸುರಿದುಕೊಂಡು, ಸುಲಿಯುತ್ತ ಸುಲಿಯುತ್ತ ಮೇಲ್ವಿಚಾರಣೆ ನಡೆಸುವವರು.

ಅವರ ತಕರಾರಿಗೆ ನಾನು ಜ್ಯೋತಿಷ್ಯದವರ ಸಾಕ್ಷಿ ತಂದೆ. ಪುರಾಣದಲ್ಲಿ ಎಷ್ಟೇ ಗಂಡಸಾಗಿ ಮೆರೆದರೂ ಜಾತಕಕ್ಕೆ ಬಂದಾಗ ಚಂದ್ರ ಸ್ತ್ರೀಗ್ರಹ. ಶುಕ್ರನದೂ ಅದೇ ಪಂಕ್ತಿ. ರವಿ, ಕುಜ, ಗುರು ಪುರುಷಗ್ರಹಗಳು. ಬುಧ, ಶನಿ ಎರಡರಲ್ಲೂ ಇಲ್ಲ. ಚಂದ್ರ ಮನಸ್ಸಿಗೆ ಕಾರಕ, ತಾಯಿಗೂ ಕಾರಕ. ದೊಡ್ಡಮ್ಮ ಒಂದು ಕಾಯಿ ಸುಲಿದು ಮುಗಿಸುವಷ್ಟು ಹೊತ್ತು ಯೋಚಿಸಿ, ‘ಅದಕ್ಕೇ ಮಕ್ಕಳಿಗೆ ಚಂದಮಾಮ ಅಂತ ತೋರಿಸೋದು. ತಾಯಿ ಕಡೆಯೋನು’ ಅಂದರು. ತವರಿನ ಕಡೆಯವನು ಎಂದು ಗೊತ್ತಾದ ಮೇಲೆ ರೋಹಿಣಿಯ ವಿಷಯವೂ ತಾರೆಯ ವಿಷಯವೂ ಅಲ್ಲಿಗೇ ಮಾಫಿಯಾದವು. ತವರಿನವರ ತಪ್ಪು ಎಣಿಸುವ ಹೆಂಗಸು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಇದಕ್ಕಿಂತ ಗಟ್ಟಿ ಸಾಕ್ಷಿ ಶ್ರೀವಿದ್ಯೆಯ ಉಪಾಸಕರ ಹತ್ತಿರ ಇದೆ. ಪಾಡ್ಯದಿಂದ ಹುಣ್ಣಿಮೆಯವರೆಗಿನ 15 ತಿಥಿಗೆ ಅವರಲ್ಲಿ 15 ದೇವಿಯರು. ಪಾಡ್ಯಕ್ಕೆ ಕಾಮೇಶ್ವರಿ, ಬಿದಿಗೆಗೆ ಭಗಮಾಲಿನಿ, ಹೀಗೆ ಸಾಲಾಗಿ ನಡೆದು ಹುಣ್ಣಿಮೆಗೆ ಚಿತ್ರಾ. ಇವರಿಗೆ ನಿತ್ಯಾದೇವಿಯರೆಂದು ಹೆಸರು. ಇವರೆಲ್ಲರನ್ನೂ ಒಳಗೊಂಡು, ತಾನು ಮಾತ್ರ ಕ್ಷಯಿಸದೆ ಉಳಿಯುವ 16ನೆಯ ಕಲೆ ಸಾಕ್ಷಾತ್ ಲಲಿತೆ. ಅಂದರೆ ಆಕಾಶದಲ್ಲಿ ಚಂದ್ರ ಎಂದು ಬೋರ್ಡು ಹಾಕಿಕೊಂಡಿರುವವನು ಗಂಡಸೇ ಇರಬಹುದು. ಸರದಿಯ ಮೇಲೆ ಬಂದು ದೀಪ ಹಚ್ಚಿ ಹೋಗುವವರೆಲ್ಲ ಹೆಂಗಸರು. ಮನೆಯ ಗೇಟಿನ ಮೇಲೆ ಯಜಮಾನರ ಹೆಸರಿನ ಫಲಕ ನೋಡಿ ಅಭ್ಯಾಸವಿರುವ ನಮಗೆ ಈ ವ್ಯವಸ್ಥೆ ಅರ್ಥಮಾಡಿಕೊಳ್ಳಲು ಭಾಷ್ಯವೇನೂ ಬೇಕಾಗಲಿಲ್ಲ.

ಸೂರ್ಯ ನಮಸ್ಕಾರದಲ್ಲಿ 12 ಭಂಗಿ. ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಪ್ರಚಾರಕ್ಕೆ ತಂದ ಚಂದ್ರ ನಮಸ್ಕಾರದಲ್ಲಿ 14. ಸೂರ್ಯನ ಸಾಲಿಗೇ ಎರಡು ಕಡೆ ಅರ್ಧಚಂದ್ರಾಸನ ಸೇರಿಸಿ ಹುಣ್ಣಿಮೆಗೆ ಮುಂಚಿನ ತಿಥಿಗಳಿಗೆ ಹೊಂದಿಸಿದ ಲೆಕ್ಕ ಅದು. ನಮ್ಮ ತಾರಸಿಯಲ್ಲಿ ನಡೆಯುವುದು ಬೇರೆ ಬಗೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೃಪಾಲು ಕೇಂದ್ರದಲ್ಲಿ 1980ರ ದಶಕದ ಕೊನೆಗೆ ಯೋಗಶಿಕ್ಷಕಿಯರ ಗುಂಪೊಂದು ಕೂತು ಹೆಣೆದದ್ದು. ಸೂರ್ಯ ನಮಸ್ಕಾರ ಚಾಪೆಯ ಉದ್ದಕ್ಕೆ ಹಿಂದೆ ಮುಂದೆ ಸಾಗಿದರೆ ಇದು ಅಡ್ಡಡ್ಡ ಸಾಗುತ್ತದೆ. ಎಡಕ್ಕೆ ಬಾಗು, ಬಲಕ್ಕೆ ಬಾಗು, ಕಾಲು ಅಗಲಿಸಿ ಮಂಡಿ ಮಡಚಿ ಅರ್ಧಕ್ಕೆ ಕೂರು, ಮತ್ತೆ ಏಳು. ಆ ಅರ್ಧ ಕೂರುವ ಭಂಗಿಗೆ ದೇವಿಯ ಭಂಗಿ ಎಂದೇ ಹೆಸರು. ಹುಡುಗಿ ಅದನ್ನು ತೋರಿಸಿ, ತೊಡೆಯಲ್ಲಿ ನಡುಕ ಬಂದಾಗ ಶಕ್ತಿ ಜಾಗೃತವಾಗುತ್ತಿದೆ ಎಂದು ತಿಳಿಯಿರಿ ಅಂದಳು. ದೊಡ್ಡಮ್ಮ ಮಂಡ್ಯ ಕಡೆಯ ಕೂಡುಕುಟುಂಬದಲ್ಲಿ ಒಲೆ ಮುಂದೆ ಬಾಳಿದವರು. ಭಂಗಿಯನ್ನು ಮೇಲಿಂದ ಕೆಳಗೆ ನೋಡಿ, ‘ಇದು ಹಿಟ್ಟು ತಿರುವೋ ಹಾಗೇ ಐತಲ್ಲೇ. ದೊಣ್ಣೆ ಎಲ್ಲಿ? ಕವೆಗೋಲು ಯಾರು ಹಿಡ್ಕೊಂಡವ್ರೆ?’ ಎಂದು ಕೇಳಿಬಿಟ್ಟರು. ಅಲ್ಲಿಂದಾಚೆಗೆ ನಮ್ಮ ಬೀದಿಯಲ್ಲಿ ಆ ಆಸನಕ್ಕೆ ಮುದ್ದೆಯಾಸನ ಎಂದೇ ಚಾಲ್ತಿ.

ಹಠಯೋಗದ ಹಳೆಯ ಪುಸ್ತಕಗಳಲ್ಲಿ ಚಂದ್ರನ ವಾಸ ಆಕಾಶದಲ್ಲಷ್ಟೇ ಅಲ್ಲ, ನಮ್ಮ ತಲೆಯಲ್ಲೂ ಉಂಟು. ತಲೆಯೊಳಗಿನ ಚಂದ್ರ ತೊಟ್ಟು ತೊಟ್ಟಾಗಿ ಅಮೃತ ಸುರಿಸುತ್ತಾನೆ. ಹೊಕ್ಕುಳ ಬಳಿ ಕಾದು ಕೂತಿರುವ ಸೂರ್ಯ ಅಷ್ಟನ್ನೂ ನುಂಗುತ್ತಾನೆ. ಅದರಿಂದಲೇ ದೇಹಕ್ಕೆ ಮುಪ್ಪು. ಹಠಯೋಗ ಪ್ರದೀಪಿಕೆ ಬರೆದ ಸ್ವಾತ್ಮಾರಾಮರು ಇದಕ್ಕೆ ಹೇಳುವ ಉಪಾಯ ವಿಪರೀತಕರಣಿ: ತಲೆ ಕೆಳಗೆ ಮಾಡು, ಸೂರ್ಯ ಮೇಲೆ, ಚಂದ್ರ ಕೆಳಗೆ, ಸೋರಿಕೆ ಬಂದ್. ಅದೇ ಪುಸ್ತಕದ ಎಂಟು ಕುಂಭಕಗಳಲ್ಲಿ ಸೂರ್ಯಭೇದನ ಇದೆ, ಚಂದ್ರಭೇದನ ಇಲ್ಲ. ತಂಪಿಗೆ ಶೀತಲಿ, ಸೀತ್ಕಾರಿ ಇವೆ. ಬರೆದವರೂ ಓದಿದವರೂ ಬಹುಪಾಲು ಗಂಡಸರೇ ಆಗಿದ್ದ ಕಾಲದಲ್ಲಿ ಚಂದ್ರನಿಗೆ ಸಿಕ್ಕ ಪಾಲು ಅಷ್ಟೇ ಎನ್ನಿ.

ಎಡ ಮೂಗಿನ ಹೊಳ್ಳೆ ಇಡಾ ನಾಡಿಯ ದ್ವಾರ, ಅದು ಚಂದ್ರನದು. ಬಲ ಹೊಳ್ಳೆ ಪಿಂಗಲೆಯದು, ಅಂದರೆ ಸೂರ್ಯನದು. ಒಂದು ಮಗ್ಗುಲಾಗಿ ಮಲಗಿದರೆ ಮೇಲಿನ ಹೊಳ್ಳೆ ತೆರೆದುಕೊಳ್ಳುತ್ತದೆ. ಇದಕ್ಕೆ ಯೋಗಿಯೇ ಆಗಬೇಕಿಲ್ಲ, ನೆಗಡಿಯಾದ ಯಾರಿಗಾದರೂ ಗೊತ್ತು. ಹೋಳಿಗೆ ಊಟದ ಮೇಲೆ ನಮ್ಮ ಗಂಡಸರು ವಾಮಕುಕ್ಷಿ ಎಂದು ಎಡಮಗ್ಗುಲಿಗೆ ಒರಗುವುದರ ಹಿಂದಿನ ಶಾಸ್ತ್ರವೂ ಇದೇ: ಬಲ ಹೊಳ್ಳೆ ತೆರೆದು, ಸೂರ್ಯನಾಡಿ ನಡೆದು, ಜಠರಾಗ್ನಿ ಉರಿದು, ಹೋಳಿಗೆ ಕರಗಲಿ ಎಂದು. ಮನೆಯ ಹೆಂಗಸರ ಚಂದ್ರನಾಡಿ ನಡೆಯಬೇಕಾದರೆ ಅವರು ಬಲಮಗ್ಗುಲಿಗೆ ಒರಗಬೇಕು. ಆ ಹೊತ್ತಿಗೆ ಅವರು ಎರಡನೇ ಪಂಕ್ತಿಗೆ ಎಲೆ ಹಾಕುತ್ತಿರುತ್ತಾರೆ. ಶಾಸ್ತ್ರ ಸರಿಯಾಗಿಯೇ ಇದೆ, ಒರಗಲು ಪುರಸೊತ್ತಿಲ್ಲ ಅಷ್ಟೆ.

ಹಾಗೆ ನೋಡಿದರೆ ಚಂದ್ರನ ಜೊತೆ ನಮ್ಮ ಹೆಂಗಸರ ನಂಟು ಯಾವ ಯೋಗಕೇಂದ್ರವೂ ಹೇಳಿಕೊಟ್ಟದ್ದಲ್ಲ. ಸಂಕಷ್ಟಿಯ ರಾತ್ರಿ ಒಮ್ಮೆ ನಮ್ಮ ಬೀದಿಗೆ ಬಂದು ನೋಡಿ. ಬೆಳಗಿನಿಂದ ಉಪವಾಸ. ಕ್ಯಾಲೆಂಡರಿನ ಚಿಕ್ಕ ಚೌಕದಲ್ಲಿ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ, ಸಾಮಾನ್ಯವಾಗಿ ಒಂಬತ್ತರ ಆಚೀಚೆ. ಅರ್ಧ ಗಂಟೆ ಮುಂಚಿನಿಂದಲೇ ತಾರಸಿಗಳ ಮೇಲೆ ನೆರಳುಗಳು ಓಡಾಡತೊಡಗುತ್ತವೆ. ಒಂದು ಕೈಯಲ್ಲಿ ಅರ್ಘ್ಯದ ತಂಬಿಗೆ, ಇನ್ನೊಂದರಲ್ಲಿ ಮೊಬೈಲು. ‘ನಿಮ್ಮ ಕಡೆ ಬಂದನೇನ್ರೀ?’ ‘ಇಲ್ಲ ಕಣ್ರೀ, ನೀರಿನ ಟ್ಯಾಂಕ್ ಅಡ್ಡ.’ ಮಳೆಗಾಲವಾದರೆ ಕಥೆ ಇನ್ನೂ ದೊಡ್ಡದು. ಮೋಡದ ಅಂಚು ಬೆಳ್ಳಗಾದರೆ ಸಾಕೆ, ಪೂರ್ತಿ ಬಿಂಬವೇ ಕಾಣಬೇಕೆ ಎಂಬ ಧರ್ಮಸೂಕ್ಷ್ಮ ಎರಡು ತಾರಸಿಗಳ ನಡುವೆ ಚರ್ಚೆಗೆ ಬರುತ್ತದೆ. ಅಪಾರ್ಟ್‌ಮೆಂಟಿನ ಪಶ್ಚಿಮದ ಫ್ಲ್ಯಾಟಿಗೆ ಹೋದ ಸೊಸೆಗೆ ಇಲ್ಲಿಂದ ಫೋಟೊ ಹೋಗುತ್ತದೆ. ಅವಳು ಪರದೆಯ ಮೇಲಿನ ಚಂದ್ರನಿಗೆ ಕೈಮುಗಿದು ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತಾಳೆ. ಕತ್ತು ಎತ್ತಿ, ಬೆನ್ನು ಹಿಂದಕ್ಕೆ ಬಾಗಿಸಿ, ಒಂದೇ ಕಡೆ ದೃಷ್ಟಿ ನೆಟ್ಟು, ಹಸಿದ ಹೊಟ್ಟೆಯಲ್ಲಿ ಅಷ್ಟು ಹೊತ್ತು ನಿಲ್ಲುವುದು ಯಾವ ಆಸನಕ್ಕೆ ಕಡಿಮೆ? ಅದೇ ಚಂದ್ರ ಗಣೇಶ ಚೌತಿಯ ದಿನ ಎದುರಾದರೆ ಮಾತ್ರ ತಲೆ ತಗ್ಗಿಸಿ ಒಳಗೆ ಓಡಬೇಕು. ನೋಡಿದ ಕೃಷ್ಣನಿಗೇ ಶಮಂತಕ ಕದ್ದ ಅಪವಾದ ತಪ್ಪಲಿಲ್ಲ.

ಹುಣ್ಣಿಮೆಗಳ ಲೆಕ್ಕ ತೆಗೆದರೆ ಸ್ತ್ರೀಶಕ್ತಿಯ ಖರ್ಚು ಎಲ್ಲಿ ಆಗುತ್ತದೆಂದು ತಿಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆಗೆ ಹೊಲವೇ ಬಸುರಿ. ಭೂಮಿತಾಯಿಯ ಬಯಕೆ ತೀರಿಸಲು ಹೆಂಗಸರು ರಾತ್ರಿಯಿಡೀ ಅಡುಗೆ ಮಾಡಿ, ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿಸಬೇಕು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ. ಸವದತ್ತಿಯ ಎಲ್ಲಮ್ಮನ ಬಾಳೇ ಹುಣ್ಣಿಮೆಗಳ ಲೆಕ್ಕದಲ್ಲಿ ನಡೆಯುತ್ತದೆ: ಹೊಸ್ತಿಲ ಹುಣ್ಣಿಮೆಗೆ ಬಳೆ ಒಡೆದುಕೊಳ್ಳುತ್ತಾಳೆ, ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಸರಿ, ಚಂದ್ರನೇ ಇಲ್ಲದ ಅಮಾವಾಸ್ಯೆಗಾದರೂ ಬಿಡುವು ಸಿಕ್ಕೀತೆಂದರೆ, ಆಷಾಢದಲ್ಲಿ ಭೀಮನ ಅಮಾವಾಸ್ಯೆ, ಗಂಡನ ಪಾದಪೂಜೆ. ಚಂದ್ರ ಬೆಳೆದರೂ ಕೆಲಸ, ಕರಗಿದರೂ ಕೆಲಸ.

ಹುಣ್ಣಿಮೆ, ಅಮಾವಾಸ್ಯೆ ಎರಡಕ್ಕೂ ಯಾವ ಕೆಲಸವನ್ನೂ ಹೇಳದ ಜಾಗ ನನಗೆ ಗೊತ್ತಿರುವಂತೆ ಒಂದೇ, ಅದು ನಮ್ಮ ಮೈಸೂರಿನ ಗೋಕುಲಂ. ಅಲ್ಲಿ ನಡೆಯುವ ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದ ಪದ್ಧತಿಯಲ್ಲಿ ಆ ಎರಡು ದಿನ ಅಭ್ಯಾಸಕ್ಕೆ ರಜೆ. ಕಲಿಯಲು ಬಂದ ವಿದೇಶಿಯರು ಅದನ್ನು ‘ಮೂನ್ ಡೇ’ ಅನ್ನುತ್ತಾರೆ. ಬೇರೆ ದಿನ ಬೆಳಕು ಹರಿಯುವ ಮೊದಲೇ ಚಾಪೆ ಹೆಗಲಿಗೇರಿಸಿ ಹೊರಡುವವರು ಅಂದು ಹೊದಿಕೆ ಎಳೆದುಕೊಳ್ಳುತ್ತಾರೆ. ಅಲ್ಲಿನ ಎಳನೀರಿನವನಿಗೆ ತಿಥಿ ಕಂಠಪಾಠ. ‘ನಾಳೆ ಮೂನ್ ಡೇ ಮೇಡಂ, ಲೋಡು ಕಮ್ಮಿ ಹಾಕ್ಸಿದೀನಿ’ ಎಂದು ಒಮ್ಮೆ ನನಗೇ ಪಂಚಾಂಗ ಹೇಳಿದ.

ಈ ರಜೆಗೆ ವಿವರಣೆಗಳು ಹಲವು. ಕಡಲಿಗೆ ಉಬ್ಬರ ಬರುವಾಗ ಬಹುಪಾಲು ನೀರೇ ಆಗಿರುವ ಮೈಗೂ ಬರಬೇಡವೆ ಎನ್ನುವವರಿದ್ದಾರೆ. ಆ ಲೆಕ್ಕದಲ್ಲಿ ನಮ್ಮ ಬಚ್ಚಲ ಹಂಡೆಯೂ ಹುಣ್ಣಿಮೆಗೆ ಉಕ್ಕಬೇಕಿತ್ತು. ನನಗೆ ಹಿಡಿಸುವ ವಿವರಣೆ ಸರಳ. ಜೋಯಿಸರು ಓದಿದ್ದು, ಆಮೇಲೆ 1937ರಿಂದ 1973ರವರೆಗೆ ಯೋಗ ಕಲಿಸಿದ್ದು ಮೈಸೂರಿನ ಮಹಾರಾಜ ಸಂಸ್ಕೃತ ಕಾಲೇಜಿನಲ್ಲಿ. ಹುಣ್ಣಿಮೆ ಅಮಾವಾಸ್ಯೆಗಳಂದು ಅನಧ್ಯಯನ, ಪಾಠವಿಲ್ಲ ಎನ್ನುವುದು ಸಂಸ್ಕೃತ ಪಾಠಶಾಲೆಗಳ ಹಳೆಯ ಪದ್ಧತಿ. ಆ ಪಾಠಶಾಲೆಯ ರಜೆ ಇಂದು ನ್ಯೂಯಾರ್ಕಿನ ಯೋಗಶಾಲೆಗೂ ಹೋಗಿ ಕೂತಿದೆ. ನಮ್ಮ ಊರಿನಿಂದ ಲೋಕಕ್ಕೆ ಹೋದ ವಸ್ತುಗಳಲ್ಲಿ ಮೈಸೂರುಪಾಕಿನಷ್ಟೇ ಇದೂ ಹೆಮ್ಮೆಪಡಬೇಕಾದದ್ದು.

ಇದೇ ಊರಿನಲ್ಲಿ ಯೋಗ ಹೆಂಗಸರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ ಎಂಬುದನ್ನೂ ಹೇಳಬೇಕು. ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಗಂಡುಹುಡುಗರಿಗೆ ಪಾಠ ಹೇಳುತ್ತಿದ್ದಾಗ, 1930ರ ದಶಕದ ಕೊನೆಗೆ, ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ ಬಂದು ಕಲಿಸಿ ಎಂದರು. ವಿದೇಶಿ, ಅದರಲ್ಲೂ ಹೆಂಗಸು, ಆಚಾರ್ಯರು ಒಪ್ಪಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ಹೇಳಿದ ಮೇಲೆ ಸೇರಿಸಿಕೊಂಡರು, ಆಮೇಲೆ ನೀನೂ ಕಲಿಸು ಎಂದು ಅವರೇ ಕಳಿಸಿಕೊಟ್ಟರು. ಆಕೆ ಶಾಂಘೈ, ಹಾಲಿವುಡ್ಡು, ಅರ್ಜೆಂಟೀನಾ ಎಂದು ಪಾಠ ಹೇಳುತ್ತ ನೂರು ದಾಟಿ ಬದುಕಿ 2002ರಲ್ಲಿ ತೀರಿಕೊಂಡರು. ಇಂದು ಯಾವ ಯೋಗ ತರಗತಿಗೆ ಹೋದರೂ ಹೆಂಗಸರ ಸಾಲೇ ಉದ್ದ.

ಗೋಕುಲಂನಲ್ಲಿ ಇನ್ನೊಂದು ರಜೆಯೂ ಉಂಟು: ಮುಟ್ಟಿನ ಮೊದಲ ಮೂರು ದಿನ ಅಭ್ಯಾಸವಿಲ್ಲ, ಅದಕ್ಕೆ ‘ಲೇಡೀಸ್ ಹಾಲಿಡೇ’ ಎಂದು ಹೆಸರು. ಇದನ್ನು ಕೇಳಿ ದೊಡ್ಡಮ್ಮನ ಕೈಯ ಅವರೆಕಾಯಿ ನಿಂತಿತು. ಅವರ ಕಾಲದಲ್ಲಿ ಅದು ‘ಕಾಗೆ ಮುಟ್ಟೋದು’. ಹಿತ್ತಲ ಜಗುಲಿ, ಬೇರೆ ತಟ್ಟೆ, ದೂರದಿಂದ ಹಾಕುವ ಅನ್ನ. ‘ಅವಮಾನ ಆಗ್ತಿತ್ತು. ಆದ್ರೆ ಆ ಮೂರು ದಿನ ಯಾರೂ ನನ್ನ ಕರೀತಿರ್ಲಿಲ್ಲ, ಬೆನ್ನು ನೆಲಕ್ಕೆ ತಾಗ್ತಿತ್ತು’ ಎಂದು ಹೇಳಿ ಸುಮ್ಮನಾದರು. ಮೈಲಿಗೆ ಹೋಗಬೇಕಾದದ್ದೇ, ಹೋಯಿತು. ಹೋಗುವಾಗ ರಜೆಯನ್ನೂ ಜೊತೆಗೆ ಕರೆದುಕೊಂಡು ಹೋದದ್ದು ಅನ್ಯಾಯ. ಚಂದ್ರನ ಮಾಸ ಇಪ್ಪತ್ತೊಂಬತ್ತೂವರೆ ದಿನ, ಹೆಂಗಸರದು 21ರಿಂದ 35ರವರೆಗೆ ಅವರವರ ಮೈ ಇದ್ದಂತೆ. ಎರಡೂ ತಾಳೆಯಾಗಲೇಬೇಕೆಂದು ಹಟವೇನೂ ಬೇಡ, ಎರಡಕ್ಕೂ ಬಿಡುವು ಬೇಕು ಎಂದು ಒಪ್ಪಿದರೆ ಸಾಕು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ತಿಂಗಳಿಗೊಂದು ದಿನ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ಕೊಟ್ಟಿತು. ಅಡುಗೆಮನೆ ಆ ಆದೇಶದ ವ್ಯಾಪ್ತಿಗೆ ಬರುವುದಿಲ್ಲ.

ಹಾಗಾಗಿ ತಾರಸಿಯ ಚಂದ್ರ ನಮಸ್ಕಾರದಿಂದ ನಮಗೆ ಯಾವ ಶಕ್ತಿ ಇಳಿದು ಬರುತ್ತದೆ ಎಂಬ ವಿಚಾರಣೆಯನ್ನು ನಾನು ಕೈಬಿಟ್ಟಿದ್ದೇನೆ. ಶಕ್ತಿಗೆ ನಮ್ಮ ಬೀದಿಯಲ್ಲಿ ಎಂದೂ ಬರವಿರಲಿಲ್ಲ. ಸಂಕಷ್ಟಿಗೆ ಹಸಿದು ನಿಂತವರು, ಹಿಟ್ಟು ತಿರುವಿದವರು, ಬುಟ್ಟಿ ಹೊತ್ತವರು ಎಲ್ಲರೂ ಅದರಲ್ಲೇ ನಡೆದವರು. ಬರ ಇದ್ದದ್ದು ಬಿಡುವಿಗೆ. ತಾರಸಿಯ ಆ ಒಂದು ಗಂಟೆ ‘ಅಮ್ಮಾ, ನನ್ನ ಸಾಕ್ಸು’ ಎನ್ನುವ ಕೂಗು ಮೂರನೇ ಮಹಡಿ ಹತ್ತಿ ಬರುವುದಿಲ್ಲ, ಬಂದರೂ ಕಣ್ಣು ಮುಚ್ಚಿ ಶವಾಸನದಲ್ಲಿರುವವಳನ್ನು ಎಬ್ಬಿಸಲು ಮಕ್ಕಳೂ ಅಂಜುತ್ತಾರೆ. ಚಂದಮಾಮ ತವರಿನ ಕಡೆಯವನು ಎನ್ನುವುದು ನಿಜವಾದರೆ ಅವನು ಕೊಡಬೇಕಾದ ಉಡುಗೊರೆಯೂ ಇದೇ.

ಇದನ್ನೆಲ್ಲ ಪೀಠಿಕೆಯಾಗಿಟ್ಟು ಮನೆಯಲ್ಲಿ ಒಂದು ಪ್ರಸ್ತಾಪ ಮಂಡಿಸಿದ್ದೇನೆ: ಹುಣ್ಣಿಮೆ, ಅಮಾವಾಸ್ಯೆ ಎರಡೂ ದಿನ ಅಡುಗೆಮನೆಯ ಹೆಂಗಸರಿಗೆ ಅನಧ್ಯಯನ. ಯಜಮಾನರು ಕ್ಯಾಲೆಂಡರ್ ತಿರುವಿ ನೋಡಿ ಅಮಾವಾಸ್ಯೆಗೆ ಒಪ್ಪಿದ್ದಾರೆ. ಹುಣ್ಣಿಮೆಗಳಲ್ಲಿ ಹೋಳಿಗೆಯ ಸಾಧ್ಯತೆ ಇರುವುದರಿಂದ ಅದು ಪರಿಶೀಲನೆಯಲ್ಲಿದೆ. ದೊಡ್ಡಮ್ಮ ಪ್ರಸ್ತಾಪಕ್ಕೆ ಪೂರ್ಣ ಬೆಂಬಲ ಕೊಟ್ಟು ಒಂದೇ ಒಂದು ತಿದ್ದುಪಡಿ ಸೂಚಿಸಿದ್ದಾರೆ: ಪಾತ್ರೆ ತೊಳೆಯುವುದೂ ಸೇರಬೇಕು, ಇಲ್ಲದಿದ್ದರೆ ಗಂಡಸರು ಅಡುಗೆ ಮಾಡಿದ ಮಾರನೆಯ ದಿನ ನಮಗೆ ಎರಡು ದಿನದ ಕೆಲಸ.