ಲೇಯರಿನಲ್ಲಿ ಬೀಗರು

ಮದುವೆ ಸೀಸನ್ ಬಂತೆಂದರೆ ಕಲಬುರಗಿಯ ನಮ್ಮ ಡಿಟಿಪಿ ಅಂಗಡಿಯಲ್ಲಿ ಕೂರಲು ಸ್ಟೂಲ್ ಉಳಿಯುವುದಿಲ್ಲ. ಲಗ್ನಪತ್ರಿಕೆಯಲ್ಲಿ ಗಂಡಿನ ಕಡೆಯವರಿಗೆ ತಮ್ಮ ಹಿರಿಯರ ಹೆಸರು ಮೊದಲು ಬರಬೇಕು, ಹೆಣ್ಣಿನ ಕಡೆಯವರಿಗೆ ತಮ್ಮವರದು. ಮೊದಲೆಲ್ಲ ಎರಡು ಫೈಲ್ ಮಾಡುತ್ತಿದ್ದೆವು. ಮುಹೂರ್ತ ಕಾಲು ಗಂಟೆ ಸರಿದರೂ ಎರಡನ್ನೂ ತಿದ್ದಬೇಕಿತ್ತು. ಆ ತಾಪತ್ರಯ ತಪ್ಪಿಸಿದ್ದು ಲೇಯರ್: ಒಂದೇ ಪುಟದ ಮೇಲೆ ಪಾರದರ್ಶಕ ಹಾಳೆಯಂತೆ ಕೂರುವ, ಬೇಕೆಂದಾಗ ತೋರಿಸಿ ಬೇಡವೆಂದಾಗ ಮುಚ್ಚಬಹುದಾದ ಪದರ. ಪುಟ ಜೋಡಿಸುವ ತಂತ್ರಾಂಶಗಳಲ್ಲಿ 1985ರಲ್ಲಿ ಹುಟ್ಟಿದ ಪೇಜ್‌ಮೇಕರಿಗೆ ಲೇಯರಿನ ಬುದ್ಧಿ ಬಂದದ್ದು 6.5ನೇ ಆವೃತ್ತಿಯಲ್ಲಿ. 1999ರ ಇನ್‌ಡಿಸೈನ್ ಅದನ್ನು ಕಲಿತುಕೊಂಡೇ ಹುಟ್ಟಿತು.

ಈಗ ಫೈಲ್ ಒಂದೇ. ತಳದ ಲೇಯರಿನಲ್ಲಿ ಬಾರ್ಡರು, ಶರಣಬಸವೇಶ್ವರರ ಚಿತ್ರ. ಮೌಸ್ ತಾಗಿ ಅಲುಗಾಡದಿರಲೆಂದು ಬೀಗ. ಅದರ ಮೇಲೆ ಮುಹೂರ್ತ. ಅದರ ಮೇಲೆ ಒಂದೊಂದು ಕಡೆಯವರಿಗೆ ಒಂದೊಂದು ಲೇಯರ್. ಒಬ್ಬರದು ತಿಳಿನೀಲಿ ಗೆರೆ, ಇನ್ನೊಬ್ಬರದು ಕೆಂಪು. ಯಾರು ಯಾರ ಕಡೆಯವರೆಂದು ಗೆರೆ ನೋಡಿಯೇ ಹೇಳಬಹುದು. ಕಲ್ಯಾಣ ಮಂಟಪದಲ್ಲಿ ಈ ಸೌಲಭ್ಯ ಇನ್ನೂ ಬಂದಿಲ್ಲ. ಲೇಯರನ್ನು ತೋರಿಸಲು, ಮುಚ್ಚಲು ಅದರ ಪಕ್ಕದಲ್ಲೊಂದು ಕಣ್ಣಿನ ಗುರುತಿದೆ. ಒಂದು ಕಡೆಯವರ ಕಣ್ಣು ತೆರೆದಾಗ ಇನ್ನೊಂದು ಕಡೆಯವರದು ಮುಚ್ಚಿರಬೇಕು. ಎರಡೂ ತೆರೆದವೋ, ಅಕ್ಷತೆಗೆ ಮುಂಚೆಯೇ ಬೀಗರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ಊರಿನ ಹೆಸರಿಗೂ ಲೇಯರ್ ಬೇಕು. 2014ರ ನವೆಂಬರ್ 1ರಿಂದ ಸರ್ಕಾರಕ್ಕೆ ಇದು ಕಲಬುರಗಿಯಾದರೂ ಕೆಲವು ಅಜ್ಜಂದಿರಿಗೆ ಗುಲ್ಬರ್ಗಾ ಎಂದಿಲ್ಲದ ಕಾರ್ಡು ತಲುಪಿದ ಹಾಗೆಯೇ ಅನಿಸುವುದಿಲ್ಲ. ಕಮಲಾಪುರ ತಾಲೂಕಾದ ಮೇಲೆ ಅಲ್ಲಿಯವರ ವಿಳಾಸದಲ್ಲಿ ‘ತಾ. ಜಿ. ಕಲಬುರಗಿ’ ಎಂದು ಒಟ್ಟಿಗಿದ್ದ ತಾಲೂಕು, ಜಿಲ್ಲೆಗಳೂ ಬೇರೆಯಾದವು.

ಆ ಕಮಲಾಪುರದಿಂದ ಕಾಕಾ ಒಬ್ಬರು ಮಗಳ ಮದುವೆಯ ಪ್ರೂಫ್ ನೋಡಲು ಕೆಂಪು ಬಾಳೆಹಣ್ಣು ಹಿಡಿದು ಬಂದರು. ಜಿಐ ಮಾನ್ಯತೆಯ ದುಬಾರಿ ಹಣ್ಣು. ಪುಕ್ಕಟೆ ಬಂತೆಂದರೆ ಕೆಲಸ ತೊಡಕಿನದೇ. ಹೊಲದ ಬದುವಿನ ಜಗಳದಲ್ಲಿ ಹುಡುಗಿಯ ಸೋದರಮಾವ ಮಾತು ಬಿಟ್ಟಿದ್ದನಂತೆ.

“ಅವನ ಹೆಸರು ಅಳಸಬ್ಯಾಡ್ರಿ, ಸುಮ್ನ ಮುಚ್ಚಿಡ್ರಿ. ನಾಳಿಗಿ ರಾಜಿ ಆದ್ರ ಮತ್ತ ಬೇಕಾಗ್ತಾನ.”

ಮಾವನನ್ನು ಬೇರೆ ಲೇಯರಿಗೆ ಹಾಕಿ ಕಣ್ಣು ಮುಚ್ಚಿದೆ. ಮುಚ್ಚಿದ ಲೇಯರ್ ಪ್ರಿಂಟ್ ಆಗುವುದಿಲ್ಲ, ಆದರೆ ಕೆಳಗಿನವರು ಮೇಲೆ ಸರಿದು ಆ ಜಾಗ ತುಂಬುವುದೂ ಇಲ್ಲ.

“ಇಲ್ಲ್ಯಾಕ ಖಾಲಿ ಬಿಟ್ಟೀರಿ?”

“ನಿಮ್ಮ ಭಾವಮೈದುನರದ್ದು.”

“ಖಾಲಿ ಇದ್ರ ಮಂದಿ ಕೇಳ್ತಾರ. ಅಲ್ಲೊಂದು ಹೂವ ಹಚ್ಚ್ರಿ.”

ಹೂವಿಗೂ ಒಂದು ಲೇಯರ್ ಆಯಿತು. ನಾಲ್ಕು ದಿನ ಬಿಟ್ಟು ಫೋನ್: ರಾಜಿ ಆಗೇದ. ಹೂವಿನ ಕಣ್ಣು ಮುಚ್ಚಿ, ಮಾವನ ಕಣ್ಣು ತೆರೆದು ಪ್ರೂಫ್ ಕೈಗಿಟ್ಟೆ. ಕಾಕಾ ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಹೂವೇ ಛಲೋ ಕಾಣ್ತಿತ್ತಲ್ರಿ.”